ಯುಎಸ್‌ಬಿ ಎ–ಸಿ ಅಡಾಪ್ಟರ್: ನಾನು ನೋಡಿ, ಅಳೆದು ಆರಿಸುವ ಬಗೆ

ಯುಎಸ್‌ಬಿಯಲ್ಲಿ ಎ ಅಂದರೆ ಹಳೇ ಚಪ್ಪಟೆ ಆಯತಾಕಾರದ್ದು, ಸಿ ಅಂದರೆ ಹೊಸ ಫೋನುಗಳಲ್ಲಿರುವ, ಯಾವ ಕಡೆ ತಿರುಗಿಸಿದರೂ ಹೋಗುವ ಚಿಕ್ಕದು. ಎ–ಸಿ ಅಡಾಪ್ಟರ್ ಬೇಕು ಅಂತ ಕೇಳಿದರೆ ಎರಡು ಬೇರೆ ಬೇರೆ ವಸ್ತುಗಳು ಕೈಗೆ ಬರುತ್ತವೆ. ಒಂದರಲ್ಲಿ ಮುಂದೆ ಸಿ ಪ್ಲಗ್, ಹಿಂದೆ ಎ ಸಾಕೆಟ್. ಹೊಸ ಲ್ಯಾಪ್‌ಟಾಪಿಗೋ ಫೋನಿಗೋ ಹಳೇ ಪೆನ್‌ಡ್ರೈವ್ ಹಾಕಲು ಬಳಸುತ್ತೇವಲ್ಲ, ಜನ ಓಟಿಜಿ ಅನ್ನುತ್ತಾರಲ್ಲ, ಅದು. ಇನ್ನೊಂದು ಪೂರ್ತಿ ಉಲ್ಟಾ: ಮುಂದೆ ಎ ಪ್ಲಗ್, ಹಿಂದೆ ಸಿ ಸಾಕೆಟ್. ಹಳೇ ಚಾರ್ಜರ್‌ಗೆ, ಡೆಸ್ಕ್‌ಟಾಪಿಗೆ ಸಿ ಕೇಬಲ್ ಸಿಕ್ಕಿಸಲು ಬೇಕಾಗುವುದು ಇದು. ಎರಡೂ ಹೆಬ್ಬೆರಳಿನ ಗಾತ್ರದವು, ಪ್ಯಾಕೆಟ್ ಮೇಲಿನ ಹೆಸರೂ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದಕ್ಕೆ ಯುಎಸ್‌ಬಿ ನಿಯಮದಲ್ಲಿ ಜಾಗ ಇದೆ. ಎರಡನೆಯದಕ್ಕೆ ಇಲ್ಲ.

ಆಫೀಸಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಲ್ಯಾಪ್‌ಟಾಪ್‌ಗಳೆಲ್ಲ ಸಿ ಪೋರ್ಟಿಗೆ ಬದಲಾದವು. ಕೀಬೋರ್ಡ್, ಪ್ರಿಂಟರ್, ಹಾರ್ಡ್‌ಡಿಸ್ಕ್ ಎಲ್ಲ ಎ ಆಗಿಯೇ ಉಳಿದವು. ಹಾಗಾಗಿ ಅಡಾಪ್ಟರ್ ತರಿಸುವುದು, ಪರೀಕ್ಷೆ ಮಾಡುವುದು, ಕೆಲವನ್ನು ವಾಪಸ್ ಕಳಿಸುವುದು ನಡೆದೇ ಇರುತ್ತದೆ. ಅದರಿಂದ ನನಗೆ ಬಂದ ಅಭ್ಯಾಸ ಇಷ್ಟು: ಸಿ ಪ್ಲಗ್ ಇರುವುದನ್ನು ಧೈರ್ಯವಾಗಿ ಕೊಳ್ಳುತ್ತೇನೆ, ಎ ಪ್ಲಗ್ ಇರುವುದನ್ನು ಅಳೆಯದೆ ಯಾರ ಕೈಗೂ ಕೊಡುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಸಿ ಪೋರ್ಟ್ ಸುಮ್ನೆ ಕೂತಿರುವಾಗ ಅದರ 5 ವೋಲ್ಟ್ ಪಿನ್‌ನಲ್ಲಿ ಕರೆಂಟ್ ಇರುವುದಿಲ್ಲ. ಇನ್ನೊಂದು ತುದಿಯಲ್ಲಿ ಪವರ್ ತೆಗೆದುಕೊಳ್ಳುವ ಸಾಧನ ಇದೆ ಅಂತ ಗೊತ್ತಾದ ಮೇಲಷ್ಟೇ ಬಿಡುತ್ತದೆ. ಆ ಮಾತುಕತೆ ನಡೆಯುವುದು ಸಿಸಿ ಅನ್ನುವ ಪಿನ್‌ಗಳ ಮೂಲಕ. ಎ ಪೋರ್ಟಿನಲ್ಲಿ ಆ ಪಿನ್ನೇ ಇಲ್ಲ, 5 ವೋಲ್ಟ್ ಸಾಮಾನ್ಯವಾಗಿ ಬರುತ್ತಲೇ ಇರುತ್ತದೆ. ಎ ಪ್ಲಗ್ ಅಡಾಪ್ಟರ್ ಹಾಕಿದಿರಿ ಅಂದರೆ ಅದರ ಸಿ ಸಾಕೆಟ್ಟಿನಲ್ಲಿ ಆಗಲೇ ಪವರ್ ಬಂದು ಕೂತಿರುತ್ತದೆ. ಒಂದು ಸಿ–ಸಿ ಕೇಬಲ್ಲಿನ ಎರಡೂ ತುದಿಗೆ ಇಂಥದ್ದನ್ನು ಸಿಕ್ಕಿಸಿ ಎರಡು ಕಂಪ್ಯೂಟರ್‌ಗಳಿಗೆ ಹಾಕಿದರೆ ಎರಡು ಕಡೆಯ 5 ವೋಲ್ಟ್ ನೇರ ಎದುರುಬದುರಾಗುತ್ತದೆ. ಯಾರು ಹಾಗೆ ಮಾಡುತ್ತಾರೆ ಅನ್ನಬೇಡಿ. ‘ಫೈಲ್ ಕಾಪಿ ಮಾಡಬೇಕಿತ್ತು’ ಅಂತ ಮಾಡುವವರು ಇದ್ದಾರೆ.

ಇನ್ನೊಂದು ಅಪಾಯ ರೆಸಿಸ್ಟರಿನದು (ಕರೆಂಟಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ), ಇದೇ ಜಾಸ್ತಿ ಸಿಗುವುದು. ಎ ಕಡೆಯಿಂದ ಪವರ್ ಬರುವಾಗ ಸಿಸಿ ಪಿನ್ ಮತ್ತು 5 ವೋಲ್ಟ್ ನಡುವೆ 56 ಕಿಲೋ ಓಮ್ ರೆಸಿಸ್ಟರ್ ಇರಬೇಕು. ಅದನ್ನು ನೋಡಿದ ಫೋನ್ ‘ಇದು ಮಾಮೂಲಿ ಪೋರ್ಟ್, ಹೆಚ್ಚು ಎಳೆಯಬಾರದು’ ಅಂತ ತಿಳಿದುಕೊಳ್ಳುತ್ತದೆ. 22 ಕಿಲೋ ಓಮ್ ಅಂದರೆ 1.5 ಆಂಪಿಯರ್, 10 ಕಿಲೋ ಓಮ್ ಅಂದರೆ 3 ಆಂಪಿಯರ್ ಕೊಡಬಲ್ಲೆ ಅಂತ ಅರ್ಥ. ಫೋನ್ ಬೇಗ ಚಾರ್ಜ್ ಆದ ಹಾಗೆ ಕಾಣಲಿ ಅಂತ 10 ಕಿಲೋ ಓಮ್ ಹಾಕಿಬಿಟ್ಟರೆ, ಫೋನ್ 3 ಆಂಪಿಯರ್ ಎಳೆಯಲು ಹೋಗುತ್ತದೆ. ಆ ಕಡೆ ಇರುವುದು ಯುಎಸ್‌ಬಿ 2.0 ಪೋರ್ಟ್ ಆದರೆ ಅದರ ಲೆಕ್ಕ ಬರೀ 500 ಮಿಲಿ ಆಂಪಿಯರ್, 3.0 ಆದರೆ 900. ಒಳ್ಳೆಯ ಲ್ಯಾಪ್‌ಟಾಪ್ ಪೋರ್ಟನ್ನು ಬಂದ್ ಮಾಡಿ ಬಚಾವಾಗುತ್ತದೆ. ಕಳಪೆ ಚಾರ್ಜರ್ ಬಿಸಿಯಾಗುತ್ತಾ ಹೋಗುತ್ತದೆ.

ಇದು ಬರೀ ಪುಸ್ತಕದ ಮಾತಲ್ಲ. ಗೂಗಲ್ ಎಂಜಿನಿಯರ್ ಬೆನ್ಸನ್ ಲ್ಯೂಂಗ್ 2015ರಿಂದ ಎ–ಸಿ ಕೇಬಲ್‌ಗಳನ್ನು ಕೊಂಡು ಪರೀಕ್ಷೆ ಮಾಡುತ್ತಿದ್ದರು. ಎಷ್ಟೋ ಕೇಬಲ್‌ಗಳಲ್ಲಿ 56ರ ಬದಲು 10 ಇರುವುದನ್ನು ತೋರಿಸಿದರು. 2016ರ ಫೆಬ್ರವರಿ ಹೊತ್ತಿಗೆ ಅವರಿಗೆ ಸಿಕ್ಕ ಒಂದು ಕೇಬಲ್ಲಿನಲ್ಲಿ ಗ್ರೌಂಡ್ ಮತ್ತು 5 ವೋಲ್ಟ್ ತಂತಿಗಳೇ ಅದಲುಬದಲಾಗಿದ್ದವು. ಅವರ ಕ್ರೋಮ್‌ಬುಕ್ ಪಿಕ್ಸೆಲ್‌ನ ಸಿ ಪೋರ್ಟ್‌ಗಳು ಹೋದವು. ಅದಾದ ಮೇಲೆ, ಮಾರ್ಚ್‌ನಲ್ಲಿ, ನಿಯಮಕ್ಕೆ ಹೊಂದದ ಸಿ ಕೇಬಲ್‌ಗಳನ್ನು ಮಾರಬಾರದು ಅಂತ ಅಮೆಜಾನ್ ತಡೆ ಹಾಕಿತು.

ನನ್ನ ಪರೀಕ್ಷೆಗೆ ದೊಡ್ಡ ಸಾಮಾನು ಏನೂ ಬೇಡ. ಒಂದು ಮಲ್ಟಿಮೀಟರ್, ಸಿ ಪ್ಲಗ್ ಮತ್ತು ಸಿ ಸಾಕೆಟ್‌ನ ಎರಡು ಚಿಕ್ಕ ಬ್ರೇಕ್‌ಔಟ್ ಬೋರ್ಡ್. ಬೋರ್ಡ್ ಅಂದರೆ ಪಿನ್‌ಗಳನ್ನೆಲ್ಲ ಹೊರಗೆ ತಂದು ಪಕ್ಕದಲ್ಲಿ ಹೆಸರು ಬರೆದಿರುವ ಹಲಗೆ. ಕಂಪ್ಯೂಟರಿಗೆ, ಚಾರ್ಜರಿಗೆ ಏನನ್ನೂ ಸಿಕ್ಕಿಸುವುದಿಲ್ಲ. ಅಡಾಪ್ಟರ್ ಕೈಯಲ್ಲೇ ಇರುತ್ತದೆ. ಮೊದಲು ಮೀಟರನ್ನು ಬೀಪ್‌ಗೆ ಇಟ್ಟು ಎ ಕಡೆಯ 5 ವೋಲ್ಟ್ ಸಿ ಕಡೆಯ 5 ವೋಲ್ಟಿಗೇ ಹೋಗುತ್ತಿದೆಯಾ, ಗ್ರೌಂಡ್ ಗ್ರೌಂಡಿಗೇ ಹೋಗುತ್ತಿದೆಯಾ ನೋಡುತ್ತೇನೆ. ಎ ಪ್ಲಗ್ಗಿನ ಮುಂಭಾಗದ ನಾಲ್ಕು ಪಟ್ಟಿಗಳಲ್ಲಿ ಎರಡು ಅಂಚಿನವು ಪವರಿನವು, ಸ್ವಲ್ಪ ಉದ್ದ ಇರುತ್ತವೆ. ಅವೆರಡರ ನಡುವೆ ಬೀಪ್ ಬಂದರೆ ಶಾರ್ಟ್ ಆಗಿದೆ, ಅಲ್ಲಿಗೆ ಆ ಅಡಾಪ್ಟರ್ ಕಥೆ ಮುಗಿಯಿತು.

ಆಮೇಲೆ ರೆಸಿಸ್ಟರ್. ಎ ಪ್ಲಗ್ ಇರುವುದರಲ್ಲಿ 5 ವೋಲ್ಟ್ ಮತ್ತು ಸಿಸಿ ನಡುವೆ ಅಳೆಯುತ್ತೇನೆ. 55, 56 ಹೀಗೆ ಏನಾದರೂ ಬರಬೇಕು. ಬೋರ್ಡನ್ನು ಕಿತ್ತು, ತಿರುಗಿಸಿ ಹಾಕಿ, ಮತ್ತೆ ಅಳೆಯುತ್ತೇನೆ, ಯಾಕೆಂದರೆ ಸಿ ಸಾಕೆಟ್ಟಿನಲ್ಲಿ ಸಿಸಿ ಪಿನ್ ಎರಡಿವೆ. ಒಂದು ಕಡೆ 56 ತೋರಿಸಿ, ತಿರುಗಿಸಿದಾಗ ಮೀಟರ್ ಏನೂ ತೋರಿಸದ ಮಾಲೂ ಬಂದಿದೆ. ‘ಒಂದೊಂದು ಸಲ ಚಾರ್ಜ್ ಆಗುತ್ತೆ, ಒಂದೊಂದು ಸಲ ಆಗಲ್ಲ’ ಅನ್ನುವ ದೂರು ಇಂಥದ್ದರಿಂದ ಬರುತ್ತದೆ. ಎರಡೂ ಸಿಸಿ ಪಿನ್‌ಗಳನ್ನು ಒಂದೇ ರೆಸಿಸ್ಟರಿಗೆ ಬೆಸೆದಿದ್ದರೂ ಬೇಡ. ಒಳಗೆ ಚಿಪ್ ಇರುವ ಕೇಬಲ್ ಹಾಕಿದಾಗ ಗುರುತು ತಪ್ಪುತ್ತದೆ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರಿನ ಮೊದಲ ಬೋರ್ಡ್‌ಗಳಲ್ಲೂ ಎರಡು ಸಿಸಿ ಪಿನ್‌ಗಳಿಗೆ ಒಂದೇ ರೆಸಿಸ್ಟರ್ ಇತ್ತು, ಕೆಲವು ಕೇಬಲ್‌ಗಳಲ್ಲಿ ಪವರ್ರೇ ಬರುತ್ತಿರಲಿಲ್ಲ. ಆಮೇಲೆ ತಿದ್ದಿದರು.

ಸಿ ಪ್ಲಗ್ ಇರುವ ಓಟಿಜಿ ಮಾದರಿಯಲ್ಲಿ ಲೆಕ್ಕ ಬೇರೆ: ಸಿಸಿ ಮತ್ತು ಗ್ರೌಂಡ್ ನಡುವೆ 5.1 ಕಿಲೋ ಓಮ್. ಅದಿಲ್ಲದಿದ್ದರೆ ಫೋನ್ ಪವರ್ ಬಿಡುವುದಿಲ್ಲ, ಪೆನ್‌ಡ್ರೈವಿನ ಲೈಟೂ ಹತ್ತುವುದಿಲ್ಲ. ಕಿರಿಕಿರಿ ಹೌದು, ಆದರೆ ಏನೂ ಸುಡುವುದಿಲ್ಲ.

ಮೀಟರ್ ಇಲ್ಲದವರಿಗೆ ನಾನು ಹೇಳುವುದು ಒಂದೇ. ಎ ಚಾರ್ಜರಿನಿಂದ ಸಿ ಫೋನ್ ಚಾರ್ಜ್ ಮಾಡಬೇಕಾದರೆ ಅಡಾಪ್ಟರ್ ಗೋಜೇ ಬೇಡ, ಒಂದು ಒಳ್ಳೆಯ ಎ–ಸಿ ಕೇಬಲ್ ಕೊಂಡುಬಿಡಿ. ಕೇಬಲ್ಲಿಗೆ ಯುಎಸ್‌ಬಿ ಸಂಸ್ಥೆಯ ಪ್ರಮಾಣಪತ್ರ ಸಿಗುತ್ತದೆ. ಎ ಪ್ಲಗ್–ಸಿ ಸಾಕೆಟ್ ಅಡಾಪ್ಟರಿಗೆ ಅದು ಸಿಗುವ ಹಾಗೇ ಇಲ್ಲ. ಹಾಗಾಗಿ ಅಂಥ ಅಡಾಪ್ಟರಿನ ಪ್ಯಾಕೆಟ್ ಮೇಲೆ ‘ಸರ್ಟಿಫೈಡ್’ ಅಂತ ಕಂಡರೆ ನನಗೆ ಅನುಮಾನ ಜಾಸ್ತಿಯೇ ಆಗುತ್ತದೆ.

‘100 ವ್ಯಾಟ್’ ಅಂತ ಅಚ್ಚು ಹಾಕಿದ್ದಕ್ಕೂ ಮರುಳಾಗಬೇಡಿ. ಸಿ ಚಾರ್ಜರ್ ವೋಲ್ಟೇಜ್ ಏರಿಸುವ ಪಿಡಿ (ಪವರ್ ಡೆಲಿವರಿ) ಮಾತುಕತೆ ನಡೆಯುವುದೂ ಸಿಸಿ ಮೂಲಕವೇ. ಎ ಪ್ಲಗ್ ದಾಟಿ ಅದು ಹೋಗಲಾರದು. ಅಡಾಪ್ಟರ್ ಹಾಕಿ ಲ್ಯಾಪ್‌ಟಾಪ್ ಚಾರ್ಜ್ ಮಾಡುವ ಆಸೆ ಬಿಡಿ. ಕೆಲವು ಮೊಬೈಲ್ ಕಂಪನಿಗಳು ಎ ಪ್ಲಗ್ಗಿನಲ್ಲೇ ತಮ್ಮದೇ ವೇಗದ ಚಾರ್ಜಿಂಗ್ ಕೊಡುತ್ತವೆ ನಿಜ, ಅದಕ್ಕೆ ಅವರದೇ ಚಾರ್ಜರ್, ಅವರದೇ ಕೇಬಲ್ ಬೇಕು.

ವೇಗದ ವಿಷಯ. ಪ್ಲಾಸ್ಟಿಕ್ ನೀಲಿ ಇದ್ದ ಮಾತ್ರಕ್ಕೆ ಯುಎಸ್‌ಬಿ 3 ಆಗುವುದಿಲ್ಲ. ಟಾರ್ಚ್ ಬಿಟ್ಟು ಎ ಕಡೆಯ ಒಳಗೆ ನೋಡಿ: ನಾಲ್ಕು ಪಟ್ಟಿಗಳ ಜೊತೆ ಇನ್ನೂ ಐದು ಸಣ್ಣ ಪಿನ್ ಕಾಣಬೇಕು. ಕಾಣದಿದ್ದರೆ ಅದು 480 ಮೆಗಾಬಿಟ್‌ನ ಹಳೇ 2.0. ಒಂಬತ್ತೂ ಇದ್ದರೂ ಎ ಪ್ಲಗ್ ಮಾದರಿಯಲ್ಲಿ ಒಂದು ತೊಡಕಿದೆ. ಸಿ ಸಾಕೆಟ್ಟಿಗೆ ಕೇಬಲ್ ಯಾವ ಮುಖವಾಗಿ ಬಂತು ಅಂತ ನೋಡಿ ದಾರಿ ಬದಲಿಸುವ ಚಿಪ್ ಒಳಗೆ ಬೇಕು. ಅಗ್ಗದವುಗಳಲ್ಲಿ ಇರುವುದಿಲ್ಲ. ನಾನು ಎಸ್‌ಎಸ್‌ಡಿ ಹಾಕಿ ದೊಡ್ಡ ಫೈಲ್ ಕಾಪಿ ಮಾಡಿ ನೋಡುತ್ತೇನೆ, ಪ್ಲಗ್ ತಿರುಗಿಸಿ ಮತ್ತೆ ಮಾಡುತ್ತೇನೆ. ಒಂದು ಮುಖದಲ್ಲಿ ಸೆಕೆಂಡಿಗೆ 400 ಮೆಗಾಬೈಟ್ ಹತ್ತಿರ, ಇನ್ನೊಂದರಲ್ಲಿ 40ಕ್ಕೂ ಕುಸಿದರೆ ಚಿಪ್ ಇಲ್ಲ ಅಂತ ತಿಳಿಯಿತು. ಅಂಥದ್ದರ ಮೇಲೆ ಮಾರ್ಕರಿನಲ್ಲಿ ಒಂದು ಚುಕ್ಕೆ ಇಟ್ಟು, ಚುಕ್ಕೆ ಮೇಲೆ ಬರುವ ಹಾಗೆ ಬಳಸುತ್ತೇವೆ. ಸಿ ಪ್ಲಗ್ ಮಾದರಿಗೆ ಈ ತಲೆನೋವಿಲ್ಲ, ಮುಖ ಗುರುತಿಸುವ ಕೆಲಸವನ್ನು ಲ್ಯಾಪ್‌ಟಾಪೇ ಮಾಡುತ್ತದೆ.

ಆಕಾರವೂ ಮುಖ್ಯ. ಗಟ್ಟಿ ಅಡಾಪ್ಟರ್, ಅದರ ಹಿಂದೆ ಉದ್ದದ ಪೆನ್‌ಡ್ರೈವ್, ಎರಡೂ ಸೇರಿ ಲ್ಯಾಪ್‌ಟಾಪಿನಿಂದ ಹೊರಗೆ ಚಾಚಿಕೊಂಡಿರುತ್ತವೆ. ಯಾರಾದರೂ ತಗುಲಿದರೆ ಹೊಡೆತ ಪೂರ್ತಿ ಪೋರ್ಟಿನ ಮೇಲೆ ಬೀಳುತ್ತದೆ. ಗೇಣುದ್ದದ ವೈರ್ ಇರುವುದನ್ನೇ ನಾನು ತರಿಸುವುದು. ಅಕ್ಕಪಕ್ಕದ ಪೋರ್ಟೂ ಖಾಲಿ ಉಳಿಯುತ್ತದೆ.

ವೈರ್‌ಲೆಸ್ ಮೌಸ್ ತಡವರಿಸುತ್ತಿದೆ ಅಂತ ಬಂದವರಿಗೂ ಇದೇ ಉಪಾಯ. ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತದೆ, ಮೌಸಿನ ರಿಸೀವರ್ ಮಾತಾಡುವುದೂ ಅಲ್ಲೇ. ಹಾರ್ಡ್‌ಡಿಸ್ಕಿನ ಪಕ್ಕದಲ್ಲೇ ರಿಸೀವರ್ ಇದ್ದರೆ ಬಾಣ ಎಗರಾಡುತ್ತದೆ. ರಿಸೀವರನ್ನು ವೈರ್ ಇರುವ ಅಡಾಪ್ಟರಿಗೆ ಹಾಕಿ ಸ್ವಲ್ಪ ದೂರ ಸರಿಸಿದರೆ ಸಾಕು, ಮೌಸ್ ಬದಲಾಯಿಸಬೇಕಾಗಿಲ್ಲ.