ಬೇಕಲದಲ್ಲಿ ಕಬಡ್ಡಿ ಸಮ್ಮೇಳನ: ನನ್ನ ಅನುಭವ

ಕಬಡ್ಡಿ ಸಮ್ಮೇಳನ ಬೇಕಲದಲ್ಲಿ ಮಾಡಲು ಆಗುತ್ತದಾ ಅಂತ ತಿಳಿಯಲು ನಾನು ಮೊದಲು ಮಾಡಿದ ಕೆಲಸ ಕೋಣೆ ಎಣಿಸಿದ್ದು. ಒಂದು ಭಾನುವಾರ ಬೆಳಿಗ್ಗೆ ಬೈಕ್ ಹತ್ತಿ ನಮ್ಮ ಕಾಸರಗೋಡು ಜಿಲ್ಲೆಯ ಉದುಮದಿಂದ ಹೊಸದುರ್ಗದವರೆಗೆ ಹೋದೆ. ದೊಡ್ಡ ರೆಸಾರ್ಟು, ಪೇಟೆಯ ಲಾಡ್ಜು, ಕಡಲ ಬದಿಯ ಹೋಂಸ್ಟೇ, ಎಲ್ಲ ಕಡೆ ಇಳಿದು ಕೇಳಿದೆ. ಎಷ್ಟು ಕೋಣೆ ಇದೆ, ಬಿಸಿನೀರು ಬರುತ್ತದಾ, ಕರೆಂಟು ಹೋದರೆ ಜನರೇಟರ್ ಇದೆಯಾ, ರಾತ್ರಿ ಎರಡು ಗಂಟೆಗೆ ಬಂದರೆ ಗೇಟು ತೆಗೆಯಲು ಯಾರಾದರೂ ಇರುತ್ತಾರಾ. ಸಂಜೆ ಮನೆಗೆ ಬಂದು ಕೂಡಿಸಿದಾಗ ನಮಗೆ ಒಗ್ಗುವ ಕೋಣೆ 112 ಆಯಿತು. ಬೇಕಾದದ್ದು 90. ಸಮ್ಮೇಳನ ಇಲ್ಲಿ ನಡೆಯುತ್ತದೆ ಅಂತ ನನಗೆ ಧೈರ್ಯ ಬಂದದ್ದು ಅವತ್ತೇ.

ನಾನು ಕುಂಬಳೆ ಕಡೆಯವನು. ಕನ್ನಡ ಮಾಧ್ಯಮ ಶಾಲೆಯಲ್ಲಿ ದೈಹಿಕ ಶಿಕ್ಷಣದ ಮಾಷ್ಟ್ರು. ಹದಿನಾಲ್ಕು ವರ್ಷದಿಂದ ಊರಿನ ಕಬಡ್ಡಿ ಕ್ಲಬ್ಬಿನ ಕಾರ್ಯದರ್ಶಿ. ಬೆಂಗಳೂರಿನ ಒಂದು ಸಂಸ್ಥೆಯವರು ಕಬಡ್ಡಿಯ ವ್ಯಾಪಾರದ ಬಗ್ಗೆ ಎರಡು ದಿನದ ಸಮ್ಮೇಳನ ಮಾಡಬೇಕು ಅಂತಿದ್ದರು. ಒಂಬತ್ತು ದೇಶ, 80ಕ್ಕೂ ಜಾಸ್ತಿ ಜನ. ಲೀಗ್ ನಡೆಸುವವರು, ಮ್ಯಾಟ್ ಮಾಡುವವರು, ಟಿ.ವಿ. ಹಕ್ಕು ಕೊಳ್ಳುವವರು, ಆಟಗಾರರ ಏಜೆಂಟರು. ಆ ಸಂಸ್ಥೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿ ಒಬ್ಬನಿದ್ದಾನೆ. ಅವನು ಫೋನ್ ಮಾಡಿ, "ಮಾಷ್ಟ್ರೇ, ನಮ್ಮ ಬೇಕಲದಲ್ಲಿ ಮಾಡ್ಲಿಕ್ಕೆ ಆಗ್ತದಾ? ಇಲ್ಲಿ ಎಲ್ಲರೂ ಗೋವಾ, ಕೊಚ್ಚಿ ಅಂತಿದ್ದಾರೆ" ಅಂದ. ನೋಡಿ ಹೇಳುತ್ತೇನೆ ಅಂದೆ. ಆಮೇಲೆ ಬೈಕ್ ಹತ್ತಿದ್ದು.

ಇಂಥ ಸಭೆ ದೊಡ್ಡ ಪಟ್ಟಣಕ್ಕೇ ಹೋಗಬೇಕು ಅಂತ ಏನೂ ಇಲ್ಲ. ಜಗತ್ತಿನ ಕ್ರೀಡಾ ಒಕ್ಕೂಟಗಳೆಲ್ಲ ಸೇರುವ ಸ್ಪೋರ್ಟ್‌ಅಕಾರ್ಡ್ 2014ರಲ್ಲಿ ಟರ್ಕಿಯ ಬೆಲೆಕ್‌ನಲ್ಲಿ ನಡೆಯಿತು. ಅದು ಅಂಟಾಲ್ಯದ ಹತ್ತಿರ ಕಡಲ ತೀರದ ರೆಸಾರ್ಟ್ ಊರು. 2017ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ಗೆ ಹೋಯಿತು, 2019ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟಿಗೆ. ಮೂರರಲ್ಲಿ ಒಂದೂ ರಾಜಧಾನಿ ಅಲ್ಲ. ಊರವರು ಸಭಾಂಗಣ, ಬಸ್ಸು, ಊಟ ಅಂತ ಕೈಯಿಂದ ಹಾಕುತ್ತಾರೆ. ಮುಂದಿನ ಪಂದ್ಯಾಟ ಎಲ್ಲಿ ಅಂತ ತೀರ್ಮಾನ ಮಾಡುವವರು ನಾಲ್ಕು ದಿನ ಆ ಊರಲ್ಲೇ ಉಳಿಯುತ್ತಾರೆ, ಅಲ್ಲಿನ ರಸ್ತೆಯಲ್ಲಿ ಓಡಾಡುತ್ತಾರೆ. ಊರಿಗೆ ಲಾಭ ಬರುವುದು ಅಲ್ಲಿಂದ.

ನನಗೆ ಜಾಸ್ತಿ ಪಾಠ ಕಲಿಸಿದ್ದು ಚೆನ್ನೈ ಹತ್ತಿರದ ಮಾಮಲ್ಲಪುರಂ. 2022ರ ಚೆಸ್ ಒಲಿಂಪಿಯಾಡ್ ರಷ್ಯಾದಲ್ಲಿ ಆಗಬೇಕಿತ್ತು. ಯುದ್ಧ ಶುರುವಾಗಿ ಅಲ್ಲಿಂದ ತಪ್ಪಿತು. ಮಾರ್ಚಿನಲ್ಲಿ ತಮಿಳುನಾಡಿಗೆ ಸಿಕ್ಕಿತು, ಜುಲೈ 28ಕ್ಕೆ ಉದ್ಘಾಟನೆ. ಆಟ ಒಂದು ಹೋಟೆಲಿನ ಆವರಣದಲ್ಲಿ, ಆಟಗಾರರು ಈಸ್ಟ್ ಕೋಸ್ಟ್ ರಸ್ತೆಯ ಉದ್ದಕ್ಕೂ ಬೇರೆ ಬೇರೆ ಹೋಟೆಲಿನಲ್ಲಿ. ಎಲ್ಲರೂ ಒಂದೇ ಮಾಡಿನ ಕೆಳಗೆ ಇರಬೇಕಿಲ್ಲ, ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಸಾಕು ಅಂತ ನಾನು ಕಲಿತದ್ದು ಅಲ್ಲಿಂದ.

ಸಮ್ಮೇಳನ ನಮ್ಮಲ್ಲೇ ಆಗಬೇಕು ಅಂತ ನನಗೆ ಅನಿಸಲು ಇನ್ನೊಂದು ಕಾರಣವೂ ಇದೆ. 2024ರ ಜನವರಿಯಲ್ಲಿ ಕೇರಳ ಸರಕಾರ ತಿರುವನಂತಪುರದ ಗ್ರೀನ್‌ಫೀಲ್ಡ್ ಸ್ಟೇಡಿಯಂನಲ್ಲಿ ನಾಲ್ಕು ದಿನದ ಅಂತರರಾಷ್ಟ್ರೀಯ ಕ್ರೀಡಾ ಸಮ್ಮೇಳನ ನಡೆಸಿತ್ತು. ನಾನು ಹೋಗಿದ್ದೆ. ಆಟದಿಂದ ಊರಿಗೆ ಕೆಲಸ ಹೇಗೆ ಬರುತ್ತದೆ ಅಂತ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಮೊದಲು ಕೇಳಿದ್ದೇ ಅಲ್ಲಿ. ವಾಪಸ್ ಬರುವಾಗ ವಂದೇ ಭಾರತ್‌ನಲ್ಲೂ ಕಾಸರಗೋಡಿಗೆ ಎಂಟು ಗಂಟೆ. ಆ ಎಂಟು ಗಂಟೆ ಒಂದೇ ಯೋಚನೆ: ಇದರ ಒಂದು ತುಂಡಾದರೂ ನಮ್ಮ ಉತ್ತರದ ತುದಿಗೆ ಬರಬೇಕು. ಕಬಡ್ಡಿ ನಮ್ಮಲ್ಲಿ ಗದ್ದೆ ಗದ್ದೆಯಲ್ಲಿ ಬೆಳೆದ ಆಟ. ಪ್ರೊ ಕಬಡ್ಡಿ ಲೀಗಿನ ತೆಲುಗು ಟೈಟಾನ್ಸ್ ತಂಡಕ್ಕೆ ಕೋಚ್ ಆಗಿದ್ದ ಜಗದೀಶ್ ಕುಂಬಳೆ ನಮ್ಮ ಊರಿನವರೇ ಅಲ್ವಾ?

ದಿನ ಆರಿಸಲು ಒಂದು ವಾರ ಬೇಕಾಯಿತು. ಜೂನಿನಿಂದ ಸೆಪ್ಟೆಂಬರ್ ಮಳೆ. ಅಕ್ಟೋಬರಿನಲ್ಲಿ ಮಧ್ಯಾಹ್ನ ಮೇಲೆ ಗುಡುಗು. ಜನವರಿ ದಾಟಿದರೆ ಜಾತ್ರೆ, ಕೋಲ, ತೆಯ್ಯಂ. ಆಗ ಮೈಕ್‌ಸೆಟ್ಟಿನವರೂ ಸಿಗುವುದಿಲ್ಲ, ಅಡಿಗೆಯವರೂ ಸಿಗುವುದಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಬೇಕಲದಲ್ಲಿ ಬೀಚ್ ಉತ್ಸವದ ಜನಸಂದಣಿ, ಕೋಣೆ ಬಾಡಿಗೆ ಏರುತ್ತದೆ. ಉಳಿದದ್ದರಲ್ಲಿ ಅನುಕೂಲ ಕಂಡದ್ದು ಡಿಸೆಂಬರ್ ಮೊದಲ ವಾರ. ಅದನ್ನೇ ಹಿಡಿದೆವು.

ವೀಸಾ ವಿಷಯ ಗೊತ್ತಿಲ್ಲದವರು ಇಲ್ಲಿಯೇ ಎಡವುತ್ತಾರೆ. ಸಮ್ಮೇಳನಕ್ಕೆ ಬರುವ ವಿದೇಶಿಯರು ಪ್ರವಾಸಿ ವೀಸಾದಲ್ಲಿ ಬರುವ ಹಾಗಿಲ್ಲ, ಕಾನ್ಫರೆನ್ಸ್ ವೀಸಾ ಬೇಕು. ಅದಕ್ಕೆ ಆಹ್ವಾನ ಪತ್ರ ಬೇಕು, ಕೇಂದ್ರ ಗೃಹ ಸಚಿವಾಲಯ ಮತ್ತು ವಿದೇಶಾಂಗ ಸಚಿವಾಲಯದ ಅನುಮತಿ ಬೇಕು. ಆ ಕಾಗದಗಳಿಗೆ ಬೆಂಗಳೂರಿನವರು ಐದು ತಿಂಗಳ ಮೊದಲೇ ಅರ್ಜಿ ಹಾಕಿದರು. ನನ್ನ ಪಾಲಿಗೆ ಬಂದದ್ದು ಫಾರ್ಮ್ ಸಿ. ವಿದೇಶಿಯರು ಉಳಿದುಕೊಂಡರೆ ಕೋಣೆ ಕೊಟ್ಟವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸರಕಾರಕ್ಕೆ ತಿಳಿಸಬೇಕು. ದೊಡ್ಡ ಹೋಟೆಲಿನವರಿಗೆ ಅದು ದಿನನಿತ್ಯದ ಕೆಲಸ. ಹೋಂಸ್ಟೇ ನಡೆಸುವ ಅಕ್ಕಂದಿರಿಗೆ ಹೊಸತು. ಆರು ಮನೆಗೆ ಹೋಗಿ ಲ್ಯಾಪ್‌ಟಾಪ್ ಇಟ್ಟುಕೊಂಡು ಒಬ್ಬೊಬ್ಬರಿಗೂ ಹೆಸರು ನೋಂದಾಯಿಸಿ ಕೊಟ್ಟೆ. ಈಗ ಅವರು ಯಾರ ಸಹಾಯವೂ ಇಲ್ಲದೆ ವಿದೇಶಿ ಅತಿಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆ.

ತಪ್ಪು ಆದದ್ದು ಗಡಿಯ ತಲಪಾಡಿಯಲ್ಲಿ. ನಮಗೆ ಹತ್ತಿರದ ವಿಮಾನ ನಿಲ್ದಾಣ ಮಂಗಳೂರು, ಬೇಕಲದಿಂದ ಸುಮಾರು 75 ಕಿ.ಮೀ. ವಿಮಾನ ಇಳಿಯುವುದು ಕರ್ನಾಟಕದಲ್ಲಿ, ಸಭೆ ಕೇರಳದಲ್ಲಿ. ನಡುವೆ ಗಡಿ. ಬಸ್ಸು ಕೊಟ್ಟ ಟ್ರಾವೆಲ್ಸಿನವರು ಕೇರಳದ ಪರ್ಮಿಟ್ ತೆಗೆದಿದ್ದೇವೆ ಅಂದಿದ್ದರು. ನಾನು ಕಾಗದ ಕಣ್ಣಾರೆ ನೋಡದೆ ನಂಬಿದೆ. ಮೊದಲ ರಾತ್ರಿ 11 ಗಂಟೆಗೆ ಬಸ್ಸು ಗಡಿಯಲ್ಲಿ ನಿಂತಿತು. ಒಳಗೆ 19 ಜನ, ಅದರಲ್ಲಿ ಇಬ್ಬರು ನೈರೋಬಿಯಿಂದ ಎರಡು ವಿಮಾನ ಬದಲಿಸಿ ಬಂದವರು. ತೆರಿಗೆ ಕಟ್ಟಿ ಹೊರಡಲು ಒಂದು ಗಂಟೆ 20 ನಿಮಿಷ ಹಿಡಿಯಿತು. ಅಷ್ಟು ಹೊತ್ತು ನಾನು ಬಸ್ಸಿನ ಬಾಗಿಲಲ್ಲಿ ನಿಂತು ಪಕ್ಕದ ಅಂಗಡಿಯಿಂದ ಚಹಾ ತರಿಸಿ ಕೊಟ್ಟೆ. ಯಾರೂ ಒಂದು ಮಾತು ಆಡಲಿಲ್ಲ. ಆದರೆ ದಣಿದ ಆ ಮುಖಗಳನ್ನು ನೋಡುವುದು ಕಷ್ಟವಾಯಿತು. ಗಡಿ ಊರಲ್ಲಿ ಹುಟ್ಟಿ ಬೆಳೆದವನಿಗೆ ಗಡಿಯ ಲೆಕ್ಕ ಮೊದಲೇ ಹೊಳೆಯಬೇಕಿತ್ತು. ಮಾರನೇ ದಿನದಿಂದ ಪ್ರತಿ ಗಾಡಿಯ ಪರ್ಮಿಟ್ಟಿನ ಫೋಟೋ ನನ್ನ ಫೋನಿಗೆ ಬಾರದೆ ಗಾಡಿ ಹೊರಡಲಿಲ್ಲ.

ಭಾಷೆಗೆ ನಮ್ಮಲ್ಲಿ ಬಡತನ ಇಲ್ಲ. ಸಪ್ತಭಾಷೆಯ ನೆಲ ಅಂತ ಹೇಳಿಕೊಳ್ಳುತ್ತೇವೆ, ಆ ಮಾತು ಕೆಲಸಕ್ಕೆ ಬಂತು. ಕಾಲೇಜಿನ 30 ಮಕ್ಕಳು ಸ್ವಯಂಸೇವಕರಾಗಿ ಬಂದರು. ಡ್ರೈವರ್ ಹತ್ತಿರ ಮಲಯಾಳ, ಅಡಿಗೆಯವರ ಹತ್ತಿರ ತುಳು, ನನ್ನ ಹತ್ತಿರ ಕನ್ನಡ, ಅತಿಥಿಗಳ ಹತ್ತಿರ ಇಂಗ್ಲಿಷ್, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಆಡುವ ಮಕ್ಕಳು. ಕಷ್ಟ ಆದದ್ದು ಇರಾನಿನ ಐದು ಜನರಿಗೆ. ಅವರಲ್ಲಿ ಇಬ್ಬರಿಗೆ ಅವರ ಪಾರ್ಸಿ (ಪರ್ಷಿಯನ್) ಭಾಷೆ ಬಿಟ್ಟು ಬೇರೆ ಬಾರದು. ಇರಾನಿನವರನ್ನು ಕಬಡ್ಡಿಯಲ್ಲಿ ಕಡೆಗಣಿಸುವ ಹಾಗಿಲ್ಲ. 2018ರ ಏಷ್ಯನ್ ಗೇಮ್ಸ್ ಸೆಮಿಫೈನಲಿನಲ್ಲಿ ಭಾರತವನ್ನು ಸೋಲಿಸಿದವರು ಅವರು. ಮೊಗ್ರಾಲಿನ ಒಬ್ಬರು ಹಿರಿಯರು ದುಬೈಯ ದೇರಾದಲ್ಲಿ ಇರಾನಿ ಯಜಮಾನರ ಒಣಹಣ್ಣಿನ ಅಂಗಡಿಯಲ್ಲಿ 18 ವರ್ಷ ಇದ್ದು ಬಂದವರು ಅಂತ ಯಾರೋ ಹೇಳಿದರು. ಹೋಗಿ ಕೇಳಿದೆ. "ಅಂಗಡಿ ಪಾರ್ಸಿ ಬರ್ತದೆ ಮಾಷ್ಟ್ರೇ, ಸಭೆಯ ಪಾರ್ಸಿ ಬರ್ತದೋ ಗೊತ್ತಿಲ್ಲ" ಅಂದರು. ಬಿಳಿ ಮುಂಡು, ಇಸ್ತ್ರಿ ಅಂಗಿ ಹಾಕಿ ಎರಡು ದಿನವೂ ಎಂಟು ಗಂಟೆಗೆ ಮೊದಲೇ ಬಂದು ಕೂತರು. ಪ್ರಾಯೋಜಕರ ಒಪ್ಪಂದದ ಬಗ್ಗೆ ಮಾತು ಬಂದಾಗ ಅವರು ಅದನ್ನು ಪಿಸ್ತಾ ವ್ಯಾಪಾರದ ಮುಂಗಡದ ಮಾತಿನಲ್ಲಿ ವಿವರಿಸಿದರಂತೆ. ಇರಾನಿನವರು ಹೋಗುವಾಗ ಅವರನ್ನು ತಬ್ಬಿಕೊಂಡು ಅತ್ತರು.

ಊಟದ ಬಗ್ಗೆ ಒಂದೇ ಮಾತು. ಪ್ರತಿ ಪಾತ್ರೆಯ ಮುಂದೆ ಅದರಲ್ಲಿ ಏನಿದೆ ಅಂತ ಚೀಟಿ ಇಡಿ. ನಮ್ಮ ಕಡೆ ತೆಂಗಿನಕಾಯಿ, ಸಿಗಡಿ ಯಾವುದರಲ್ಲಿ ಇದೆ ಅಂತ ಹೊರಗಿನವರಿಗೆ ನೋಡಿದರೆ ಗೊತ್ತಾಗುವುದಿಲ್ಲ. ಸಿಗಡಿ ಆಗದವರು ಇಬ್ಬರಿದ್ದರು.

ಇನ್ನು ನಾನು ಮರೆಯಲಾಗದ ಎರಡನೇ ದಿನ. ಬೆಳಿಗ್ಗೆ ಸಭೆಯಲ್ಲಿ ಪ್ರೊ ಕಬಡ್ಡಿಯ ಲೆಕ್ಕ ತೋರಿಸಿದರು. 2014ರ ಮೊದಲ ಹರಾಜಿನಲ್ಲಿ ಎಲ್ಲರಿಗಿಂತ ಜಾಸ್ತಿ ಬೆಲೆ ರಾಕೇಶ್ ಕುಮಾರ್‌ಗೆ, 12.80 ಲಕ್ಷ. 2023ರಲ್ಲಿ ಪವನ್ ಸೆಹ್ರಾವತ್‌ಗೆ 2.605 ಕೋಟಿ. ಅದಾದ ಮೇಲೆ ನನಗೆ 20 ನಿಮಿಷ ಕೊಟ್ಟಿದ್ದರು, ಸ್ಥಳೀಯ ಕಬಡ್ಡಿ ಅಂತ ವಿಷಯ. ನಾನು ಭಾಷಣ ಬರೆಯಲಿಲ್ಲ. ಕ್ಲಬ್ಬಿನ ಲೆಕ್ಕದ ಪುಸ್ತಕ ತೆಗೆದುಕೊಂಡು ಹೋದೆ. ಕೆಂಪು ಬೈಂಡಿನ ಉದ್ದ ಪುಸ್ತಕ, ಮೂಲೆ ಸವೆದಿದೆ, ಒಂದು ಪುಟದಲ್ಲಿ ಚಹಾದ ಕಲೆ. ಮಕ್ಕಳು ಅದರ ಒಂದು ಪುಟವನ್ನು ದೊಡ್ಡ ಪರದೆಯಲ್ಲಿ ಹಾಕಿದರು. ನನ್ನ ಕೈಬರಹ ಗೋಡೆಯಷ್ಟು ದೊಡ್ಡದಾಗಿ ಕಂಡಿತು.

ಒಂದು ರಾತ್ರಿಯ ಹೊನಲು ಬೆಳಕಿನ ಪಂದ್ಯಾಟದ ಲೆಕ್ಕ ಅದು. ಜಮಾ ಬದಿಯಲ್ಲಿ ನಾಲ್ಕು ಸಾಲು. 24 ತಂಡದ ಪ್ರವೇಶ ಶುಲ್ಕ 24,000. ಫ್ಲೆಕ್ಸ್ ಜಾಹೀರಾತು 38,500. ರಶೀದಿ ಪುಸ್ತಕದ ವಂತಿಗೆ 61,200. ಕೊಲ್ಲಿಯಲ್ಲಿರುವ ಊರವರು 75,000. ಖರ್ಚಿನ ಬದಿಯಲ್ಲಿ ಮ್ಯಾಟ್ ಬಾಡಿಗೆ 22,000, ಲೈಟು ಮೈಕು ಜನರೇಟರ್ 46,000, ತೀರ್ಪುಗಾರರು 18,000, ಊಟ 41,000, ಗ್ಯಾಲರಿ 30,000. ಉಳಿಕೆ 41,700. ಬಹುಮಾನದ ದುಡ್ಡು ಈ ಪುಟದಲ್ಲಿ ಇಲ್ಲ. ಅದನ್ನು ತೀರಿಕೊಂಡವರ ಹೆಸರಿನಲ್ಲಿ ಮನೆಯವರು ಕೊಡುತ್ತಾರೆ, ಟ್ರೋಫಿಯ ಮೇಲೆ ಸ್ಮರಣಾರ್ಥ ಅಂತ ಬರೆಸುತ್ತೇವೆ.

ಸಾಲು ಸಾಲಾಗಿ ವಿವರಿಸಿದೆ. ಸಭೆ ಪೂರ್ತಿ ಮೌನ. 20 ನಿಮಿಷದ ಮಾತು ಒಂದೂವರೆ ಗಂಟೆ ಆಯಿತು. ದಕ್ಷಿಣ ಕೊರಿಯಾದಿಂದ ಬಂದ ಒಬ್ಬ ಅಮ್ಮ 61,200 ಕೊಟ್ಟವರು ಎಷ್ಟು ಜನ ಅಂತ ಕೇಳಿದರು. ರಶೀದಿಯ ಅಡಿಚೀಟಿ ಎಣಿಸಿಯೇ ತಂದಿದ್ದೆ, 412. ಮುಂದಿನ ವರ್ಷವೂ ಕೊಡುತ್ತಾರಾ ಅಂದರು. ಕೊಡುತ್ತಾರೆ, ರಶೀದಿ ಹಿಡಿದು ಹೋಗುವ ಹುಡುಗ ಅವರ ನೆರೆಮನೆಯವನು, ಆಟದ ನಡುವೆ ಮೈಕಿನಲ್ಲಿ ಅವರ ಹೆಸರು ಓದುತ್ತೇವೆ ಅಂದೆ. ಅವರು ಅದನ್ನು ಬರೆದುಕೊಂಡರು.

ಆಮೇಲೆ ನೈರೋಬಿಯವರಲ್ಲಿ ಒಬ್ಬರು ಎದ್ದರು. ತಲಪಾಡಿಯಲ್ಲಿ ನಾನು ಚಹಾ ಕೊಟ್ಟವರು. ಖರ್ಚಿನ ಬದಿಗೆ ಬೆರಳು ತೋರಿಸಿ, ಆಟಗಾರರ ವಿಮೆ ಎಲ್ಲಿದೆ ಅಂತ ಕೇಳಿದರು.

ಇರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ, ನೆನಪು ಬಂತು. ಮೂರು ವರ್ಷದ ಹಿಂದೆ ನಮ್ಮದೇ ಅಂಕಣದಲ್ಲಿ ಒಬ್ಬ ಹುಡುಗ ದಾಳಿಯಿಂದ ವಾಪಸ್ ತಿರುಗುವಾಗ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ. ಆಸ್ಪತ್ರೆ ಖರ್ಚಿಗೆ ಅವನ ಅಮ್ಮ ಬಳೆ ಅಡವಿಟ್ಟರು. ಕ್ಲಬ್ಬಿನಿಂದ ನಾವು ಕೊಟ್ಟದ್ದು 10,000. ಆ ವರ್ಷವೂ ನಾವು ಲೈಟಿಗೆ, ಮೈಕಿಗೆ ಏನೂ ಕಮ್ಮಿ ಮಾಡಿರಲಿಲ್ಲ. ಇದನ್ನು ಸಭೆಯಲ್ಲಿ ಹಾಗೆಯೇ ಹೇಳಿದೆ. ನನ್ನ ಗಂಟಲು ಕಟ್ಟಿತು. ಆ ಹುಡುಗ ಅವತ್ತು ಸ್ವಯಂಸೇವಕನಾಗಿ ಹಿಂದಿನ ಸಾಲಿನಲ್ಲೇ ನಿಂತಿದ್ದ.

ಸಂಜೆ ಶಾಲೆಯ ಮೈದಾನದಲ್ಲಿ ಪಂದ್ಯ ಇಟ್ಟಿದ್ದೆವು. 13 ಮೀಟರ್ ಉದ್ದ, 10 ಮೀಟರ್ ಅಗಲದ ಮ್ಯಾಟ್, ಸುತ್ತ ಊರವರು. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವ ಹಾಗಿಲ್ಲ, ಅದಕ್ಕೆ ಎಂಟೇ ತಂಡ ಕರೆದು ಒಂಬತ್ತೂವರೆಗೆ ಮುಗಿಸಿದೆವು. ಅತಿಥಿಗಳು ಕುರ್ಚಿ ಬಿಟ್ಟು ಅಂಕಣದ ಅಂಚಿನಲ್ಲಿ ನೆಲದ ಮೇಲೆ ಕೂತರು. ಮ್ಯಾಟ್ ಮಾಡುವ ಕಂಪೆನಿಯವರು ಬಗ್ಗಿ ನಮ್ಮ ಹಳೆಯ ಮ್ಯಾಟಿನ ಜೋಡಣೆ ಮುಟ್ಟಿ ಮುಟ್ಟಿ ನೋಡಿದರು. ಎರಡು ಕಡೆ ಹಲ್ಲು ಸವೆದು ಬಿರುಕು ಬಿಟ್ಟಿತ್ತು, ಮೊಣಕಾಲು ಹೋಗುವುದು ಇಂಥಲ್ಲೇ ಅಂದರು. ಆ ನಾಲ್ಕು ಚೌಕ ತೆಗೆದು ಹೊಸತು ಹಾಕಲು ಮರುವಾರ ನಮಗೆ ಬಂದ ಖರ್ಚು ಫ್ಲೆಕ್ಸ್ ಜಾಹೀರಾತಿನಿಂದ ಬಂದ ದುಡ್ಡಿಗಿಂತ ಕಮ್ಮಿ.

ಸಮ್ಮೇಳನದ ನಂತರ ಪತ್ರವೂ ಬಂದಿದೆ. ಇರಾನಿನವರು ಕಿರಿಯರ ತರಬೇತಿ ಶಿಬಿರಕ್ಕೆ ಬೇಕಲದ ಕೋಣೆಗಳ ಪಟ್ಟಿ ಕೇಳಿದ್ದಾರೆ. ಅದೇ 112ರ ಪಟ್ಟಿ ಕಳಿಸಿದ್ದೇನೆ, ಮೊಗ್ರಾಲಿನ ಹಿರಿಯರಿಂದ ಪಾರ್ಸಿಯಲ್ಲಿ ಎರಡು ಸಾಲು ಬರೆಸಿ.

ಕ್ಲಬ್ಬಿನ ಈ ವರ್ಷದ ಪಂದ್ಯಾಟ ಫೆಬ್ರವರಿಯಲ್ಲಿ. ಲೆಕ್ಕದ ಪುಸ್ತಕದಲ್ಲಿ ಹೊಸ ಪುಟ ತೆರೆದಿದ್ದೇವೆ. ಖರ್ಚಿನ ಬದಿಯ ಮೊದಲ ಸಾಲನ್ನು ಮೊಣಕಾಲು ನೋವಾದ ಆ ಹುಡುಗನ ಕೈಯಲ್ಲೇ ಬರೆಸಿದೆ: ಆಟಗಾರರ ವಿಮೆ, 24 ತಂಡ, ತಂಡಕ್ಕೆ 12 ಜನ.