ಪಟ್ಟಿ ಕಳಿಸಬೇಡಿ, ಒಂದೇ ಒಂದು ಆಲ್ಬಮ್ ಹೇಳಿ

ನಮ್ಮ ಚಿಕ್ಕಪ್ಪ ಸಂಗೀತ ಕಛೇರಿ ಅಂದರೆ ಊಟ ಬಿಟ್ಟು ಓಡುವವರು. ಇಂಗ್ಲಿಷ್ ಹಾಡು ಹಾಕಿದರೆ ಎದ್ದು ಒಳಗೆ ಹೋಗುತ್ತಿದ್ದರು. ಒಂದು ಭಾನುವಾರ ಅವರು ಪೇಪರ್ ಓದುತ್ತಿದ್ದಾಗ ಅಮೆರಿಕದ ಬಿಗ್ ಥೀಫ್ ಬ್ಯಾಂಡಿನ 'ಸ್ಪಡ್ ಇನ್ಫಿನಿಟಿ' ಹಾಕಿದೆ. ಗಿಟಾರ್, ಪಿಟೀಲುಗಳ ನಡುವೆ 'ಝೊಂಯ್ ಝೊಂಯ್' ಅಂತ ಒಂದು ಸದ್ದು ಬಂತು ನೋಡಿ, ಪೇಪರ್ ಮಡಚಿಟ್ಟು, "ಇದು ಮೋರ್ಸಿಂಗ್ ಅಲ್ವೇನೋ?" ಅಂದರು. ಹೌದು, ಅದೇ ಜಾತಿಯ ವಾದ್ಯ. ಅಲ್ಲಿ ಅದನ್ನು ಜಾ ಹಾರ್ಪ್ ಅಂತಾರೆ. ನುಡಿಸಿದ್ದು ಗಾಯಕಿ ಏಡ್ರಿಯನ್ ಲೆಂಕರ್ ಅವರ ಸಹೋದರ. ಚಿಕ್ಕಪ್ಪ ಆ ಹಾಡನ್ನು ಮತ್ತೆ ಹಾಕಿಸಿಕೊಂಡರು.

ಅದಕ್ಕೂ ಮುಂಚೆ ನಾನು ಗೆಳೆಯರಿಗೆಲ್ಲ ಹತ್ತು, ಇಪ್ಪತ್ತು ಆಲ್ಬಮ್‌ಗಳ ಪಟ್ಟಿ ಕಳಿಸುತ್ತಿದ್ದೆ. ಒಬ್ಬರೂ ಕೇಳಲಿಲ್ಲ. ಈಗ ಹೀಗೆ ಮಾಡುತ್ತೇನೆ.

ಮೊದಲು ಅವರನ್ನು ಕೇಳಿ

"ನಿಂಗೆ ಯಾವ ಥರದ ಮ್ಯೂಸಿಕ್ ಇಷ್ಟ?" ಅಂದರೆ "ಎಲ್ಲಾ ಕೇಳ್ತೀನಿ" ಅಂತಾರೆ ಅಷ್ಟೇ. ಈ ವಾರ ಮತ್ತೆ ಮತ್ತೆ ಹಾಕಿಕೊಂಡ ಹಾಡು ಯಾವುದು, ಅದರಲ್ಲಿ ಹಿಡಿಸಿದ್ದು ದನಿಯೋ, ಮಾತೋ, ತಾಳವೋ ಅಂತ ಕೇಳಿ. ಈ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಅವರ ಕಡೆಯಿಂದ ದಾರಿ ಹುಡುಕಿ

ನನಗೆ ಎಲ್ಲಕ್ಕಿಂತ ಖುಷಿ ಕೊಡುವ ಭಾಗ ಇದೇ. ಭಜನೆ, ಕೋರಸ್ ಇಷ್ಟಪಡುವವರಿದ್ದಾರಲ್ಲ, ಅವರಿಗೆ ಸಿಯಾಟಲ್‌ನ ಫ್ಲೀಟ್ ಫಾಕ್ಸಸ್ ಬ್ಯಾಂಡಿನ 2008ರ ಮೊದಲ ಆಲ್ಬಮ್ ಕೊಡಿ. ಅದರ 'ವೈಟ್ ವಿಂಟರ್ ಹಿಮ್ನಲ್' ಶುರುವಾಗುವಾಗ ವಾದ್ಯವೇ ಇಲ್ಲ. ಒಂದು ದನಿ ಸಾಲು ಎತ್ತಿಕೊಳ್ಳುತ್ತದೆ, ಅದೇ ಸಾಲನ್ನು ಇನ್ನೊಂದು ದನಿ ಹಿಡಿಯುತ್ತದೆ, ಆಮೇಲೆ ಮತ್ತೊಂದು, ಹೀಗೆ ದನಿಗಳು ಸೇರುತ್ತಾ ಸೇರುತ್ತಾ ತುಂಬಿಕೊಂಡ ಮೇಲೆ ಡ್ರಮ್ ಬೀಳುತ್ತದೆ. ಭಜನೆಯಲ್ಲಿ ಕೂತು ಅಭ್ಯಾಸ ಇರುವವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಶಿಶುನಾಳ ಶರೀಫರ ಪದ ಇಷ್ಟವಾ? ರಘು ದೀಕ್ಷಿತ್ ಅವರ 2008ರ ಆಲ್ಬಮ್‌ನಲ್ಲಿ 'ಗುಡುಗುಡಿಯ ಸೇದಿ ನೋಡೋ', 'ಸೋರುತಿಹುದು ಮನೆಯ ಮಾಳಿಗಿ' ಎರಡೂ ಇವೆ. ಪದ ಹಳೇದು, ಗಿಟಾರ್ ಹೊಸದು. ಅಲ್ಲಿಂದ ಬೇರೆ ದೇಶದ ಫೋಕ್ ಕಡೆಗೆ ಹೋಗುವುದು ಸಲೀಸು.

ಇತ್ತೀಚಿನದ್ದು ಬೇಕು ಅನ್ನುವವರಿಗೆ ನಾನು ಹೇಳುವುದು ವಾಕ್ಸಹ್ಯಾಚಿಯ 'ಟೈಗರ್ಸ್ ಬ್ಲಡ್', 2024ರದ್ದು. ಅಲಬಾಮಾದ ಕೇಟಿ ಕ್ರಚ್‌ಫೀಲ್ಡ್ ವಾಕ್ಸಹ್ಯಾಚಿ ಅನ್ನುವ ಹೆಸರಿನಲ್ಲಿ ಹಾಡುತ್ತಾರೆ. ಅದು ಅವರ ಊರ ಕಡೆಯ ಒಂದು ಹೊಳೆಯ ಹೆಸರು. 'ರೈಟ್ ಬ್ಯಾಕ್ ಟು ಇಟ್' ಹಾಡಿನಲ್ಲಿ ಅವರ ಜೊತೆ ದನಿಗೂಡಿಸುವವರು ಎಂ.ಜೆ. ಲೆಂಡರ್‌ಮನ್. ಆ ದನಿ ಹಿಡಿಸಿತು ಅಂದರೆ ಮುಂದಿನ ಆಲ್ಬಮ್ ತಾನಾಗಿ ಸಿಕ್ಕಿತು: ಅದೇ ವರ್ಷ ಬಂದ ಲೆಂಡರ್‌ಮನ್ ಅವರ 'ಮ್ಯಾನಿಂಗ್ ಫೈರ್‌ವರ್ಕ್ಸ್'. ಅದರಲ್ಲಿ ಗಿಟಾರ್ ಸ್ವಲ್ಪ ಜಾಸ್ತಿ ಒರಟು, ರಾಕ್ ಕೇಳುವವರಿಗೆ ಅದೇ ರುಚಿ.

ಎಲ್ಲಿಂದ ಶುರು ಮಾಡಬೇಕು ಅಂತ ಹೇಳಿ

ಕೊಡುವ ಮುಂಚೆ ನೀವು ಇನ್ನೊಮ್ಮೆ ಪೂರ್ತಿ ಕೇಳಿ. ಬಿಗ್ ಥೀಫ್ ಬ್ಯಾಂಡಿನ 2022ರ ಆಲ್ಬಮ್‌ನಲ್ಲಿ 20 ಹಾಡುಗಳಿವೆ, ಒಟ್ಟು 80 ನಿಮಿಷ. ಹೊಸಬರಿಗೆ ಅದು ಭಾರ. ಮೂರು ಹಾಡು ಆರಿಸಿ ಕೊಡಿ, ಸಾಕು. ಇಂಗ್ಲೆಂಡಿನ ಗಾಯಕ ನಿಕ್ ಡ್ರೇಕ್ ಅವರ 'ಪಿಂಕ್ ಮೂನ್' ಹಾಗಲ್ಲ. 1972ರ ಆಲ್ಬಮ್, ಎಲ್ಲಾ ಸೇರಿ 28 ನಿಮಿಷ. ಒಂದು ದನಿ, ಒಂದು ಗಿಟಾರ್, ಮೊದಲ ಹಾಡಿನ ನಡುವೆ ಮಾತ್ರ ಚೂರು ಪಿಯಾನೊ. ಇದನ್ನು ತುಂಡು ಮಾಡಬಾರದು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕ ದಿನ ಶುರುವಿನಿಂದ ಕೇಳು ಅಂತ ಹೇಳುತ್ತೇನೆ.

ಎರಡೇ ಸಾಲು ಬರೆಯಿರಿ

ಲಿಂಕ್ ಮಾತ್ರ ಕಳಿಸಿದರೆ ಯಾರೂ ಒತ್ತುವುದಿಲ್ಲ. "ಮಾಸ್ಟರ್‌ಪೀಸ್, ಕೇಳ್ಲೇಬೇಕು" ಅಂದರೂ ಅಷ್ಟೇ, ಅದು ಆಜ್ಞೆ ಮಾಡಿದ ಹಾಗೆ ಆಗುತ್ತದೆ. ಏನನ್ನು ಗಮನಿಸಬೇಕು, ಯಾವಾಗ ಕೇಳಬೇಕು, ಇವೆರಡನ್ನು ಹೇಳಿ. ಗಾಯಕ ಜಸ್ಟಿನ್ ವರ್ನನ್ ಬಾನ್ ಐವೇರ್ ಅನ್ನುವ ಹೆಸರಿನಲ್ಲಿ ಮಾಡಿದ ಮೊದಲ ಆಲ್ಬಮ್ ಬಗ್ಗೆ ನಾನು ಗೆಳತಿಗೆ ಬರೆದದ್ದು ಇಷ್ಟೇ: "2006ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ ಕಾಡಿನ ಅಪ್ಪನ ಮನೆಯಲ್ಲಿ ಒಬ್ಬನೇ ಕೂತು, ತನ್ನದೇ ದನಿಯ ಮೇಲೆ ದನಿ ಕೂರಿಸಿ ಮಾಡಿದ್ದು. ರಾತ್ರಿ ಇಯರ್‌ಫೋನ್ ಹಾಕ್ಕೊಂಡು 'ಸ್ಕಿನ್ನಿ ಲವ್' ಕೇಳು." ಅವಳು ಅವತ್ತೇ ಕೇಳಿದಳು.

ಆಮೇಲೆ ಸುಮ್ನಿರಿ. "ಕೇಳಿದ್ಯಾ? ಕೇಳಿದ್ಯಾ?" ಅಂತ ದಿನಾ ಕೇಳಬೇಡಿ. ವಾರ ಬಿಟ್ಟು, ಯಾವ ಹಾಡಿಗೆ ನಿಲ್ಲಿಸಿದೆ ಅಂತ ಒಂದು ಸಲ ವಿಚಾರಿಸಿ. ಹಿಡಿಸಲಿಲ್ಲ ಅಂದರೆ ಬಿಡಿ, ಆ ಉತ್ತರದಿಂದಲೇ ಮುಂದಿನ ಆಲ್ಬಮ್ ಸುಲಭವಾಗಿ ಗೊತ್ತಾಗುತ್ತದೆ.

ಹಿಡಿಸಿತು ಅಂದರೆ ಕೊಳ್ಳುವ ದಾರಿಯನ್ನೂ ತೋರಿಸಿ. ಬ್ಯಾಂಡ್‌ಕ್ಯಾಂಪ್ ಅಂತ ತಾಣ ಇದೆ, 2008ರಿಂದ ನಡೆಯುತ್ತಿದೆ. ತುಂಬಾ ಇಂಡೀ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ, ಬ್ಯಾಂಡ್‌ಗಳು ಅಲ್ಲಿ ತಾವೇ ಆಲ್ಬಮ್ ಮಾರುತ್ತವೆ. ಕೆಲವು ಶುಕ್ರವಾರ ತಾಣ ತನ್ನ ಪಾಲನ್ನೂ ಬಿಟ್ಟುಕೊಡುತ್ತದೆ, ನಾನು ಆ ದಿನಕ್ಕೆ ಕಾದು ಕೊಳ್ಳುತ್ತೇನೆ. ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್‌ವರ್ಕ್ ಸಿಗದ ಘಾಟಿಯಲ್ಲೂ ಹಾಡು ನಿಲ್ಲುವುದಿಲ್ಲ.