ಜೊಂಡಿನ ಬುಡದಲ್ಲಿ ಹಿನುಮಾ ಡ್ಯಾಮ್ಸೆಲ್‌ಫ್ಲೈ ಹುಡುಕುವುದು ಹೇಗೆ?

ಹಿನುಮಾ ಡ್ಯಾಮ್ಸೆಲ್‌ಫ್ಲೈ (ಮಾರ್ಟೊನಾಗ್ರಿಯಾನ್ ಹಿರೋಸೆಯಿ) ಜಪಾನಿನ ಹಿನುಮಾ ಸರೋವರದಲ್ಲಿ ಮೊದಲು ಸಿಕ್ಕ, ಸುಮಾರು 3 ಸೆಂ.ಮೀ. ಉದ್ದದ, ಏರೋಪ್ಲೇನ್ ಚಿಟ್ಟೆಯನ್ನು ಹೋಲುವ ತೆಳ್ಳನೆಯ ಕೀಟ. ಉಪ್ಪುನೀರು, ಸಿಹಿನೀರು ಬೆರೆಯುವ ಕರಾವಳಿ ಜೊಂಡೇ ಇದರ ಮನೆ.

ಜೂನ್–ಜುಲೈನಲ್ಲಿ ಹೋಗಿ. ತೆರೆದ ನೀರಿನ ಮೇಲೆ ಹುಡುಕಿ ಪ್ರಯೋಜನವಿಲ್ಲ; ಇದು ದಟ್ಟ ಜೊಂಡು ಬಿಟ್ಟು ಹೊರಬರುವುದೇ ಅಪರೂಪ. ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮೊಣಕಾಲೆತ್ತರದೊಳಗೆ, ಕಾಂಡಗಳ ಸಂದಿಯಲ್ಲಿ ನಿಧಾನವಾಗಿ ನೋಡಿ. ಗಂಡಿನ ಕಪ್ಪು ಎದೆಯ ಮೇಲೆ ಹಳದಿ-ಹಸಿರಿನ ನಾಲ್ಕು ಚುಕ್ಕೆಗಳಿರುತ್ತವೆ. ಚುಕ್ಕೆಯ ಬದಲು ಉದ್ದ ಗೆರೆ, ಬಾಲದ ತುದಿಯಲ್ಲಿ ನೀಲಿ ಕಂಡರೆ ಅದು ಇಷ್ನುರಾ ಎಂಬ ಬೇರೆ ಡ್ಯಾಮ್ಸೆಲ್‌ಫ್ಲೈ. ಹಿನುಮಾ ಡ್ಯಾಮ್ಸೆಲ್‌ಫ್ಲೈನ ಎಳೆಯ ಹೆಣ್ಣು ಕಿತ್ತಳೆ ಬಣ್ಣದ್ದು. ಅದನ್ನು ಬೇರೆ ಜಾತಿಯೆಂದು ಬರೆದುಕೊಂಡುಬಿಡಬೇಡಿ.

ಜೊಂಡಿನೊಳಗೆ ಮಾತ್ರ ದಯವಿಟ್ಟು ಕಾಲಿಡಬೇಡಿ. ಮರಿಗಳು ಬೆಳೆಯುವುದು ಅದೇ ಬುಡದ ತೆಳುನೀರಿನಲ್ಲಿ.